ಇಟ್ಟಿಗೆಯ ಕೋಟೆ: ಮಾಲ್ಬೋರ್ಕ್ ಬಿದ್ದು ಎದ್ದ ಕಥೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬೇಕೆಂದು ಸಮಿತಿಯವರು ಫೋನ್ ಮಾಡಿದಾಗ ಶಾಲೆಯ ನೆನಪುಗಳನ್ನೇ ಬರೆಯೋಣ ಎಂದುಕೊಂಡಿದ್ದೆ. ಆದರೆ ನಾನು 2004ರ ಎಸ್ಸೆಸ್ಸೆಲ್ಸಿ ಬ್ಯಾಚಿನವನು. ನೆನಪು ಬರೆಯಲು ನನಗಿಂತ ಹಿರಿಯರು, ಹಕ್ಕುಳ್ಳವರು ಬಹಳ ಮಂದಿ ಇದ್ದಾರೆ. ನಮಗೆ ಸಮಾಜ ವಿಜ್ಞಾನ ಕಲಿಸಿದ ಮೇಷ್ಟ್ರನ್ನು ಕೇಳಿದೆ. "ನೀನು ನೋಡಿ ಬಂದ ಆ ಕೋಟೆ ವಿಷಯ ಬರಿಯಪ್ಪ. ಪರೀಕ್ಷೆಯಲ್ಲಿ ಇತಿಹಾಸದ ಉತ್ತರ ಅರ್ಧಕ್ಕೆ ಬಿಟ್ಟು ಬರ್ತಿದ್ದೆ, ಈಗ ಪೂರ್ತಿ ಬರಿ" ಎಂದರು. ಇಪ್ಪತ್ತು ವರ್ಷ ತಡವಾದರೂ ಉತ್ತರ ಪತ್ರಿಕೆ ಒಪ್ಪಿಸುತ್ತಿದ್ದೇನೆ.

2018ರ ಕೊನೆಯಲ್ಲಿ ಕಂಪನಿಯ ಕೆಲಸದ ಮೇಲೆ ಪೋಲೆಂಡ್ ದೇಶದ ಗ್ದಾನ್ಸ್ಕ್ ನಗರಕ್ಕೆ ಹೋಗಿದ್ದೆ. ಬಾಲ್ಟಿಕ್ ಸಮುದ್ರದ ದಡದ ಊರು. ನವೆಂಬರ್ ತಿಂಗಳಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುತ್ತದೆ. ಭಾನುವಾರ ರೂಮಿನಲ್ಲಿ ಒಬ್ಬನೇ ಕೂತರೆ ಮನೆಯ ಯೋಚನೆ. ಒಂದು ಭಾನುವಾರ ಸಹೋದ್ಯೋಗಿಯೊಬ್ಬರ ಮಾತು ಕೇಳಿ ರೈಲು ಹತ್ತಿದೆ. ಒಂದು ಗಂಟೆಯೂ ಆಗಿರಲಿಲ್ಲ, ರೈಲು ನೊಗಾತ್ ಎಂಬ ನದಿಯನ್ನು ದಾಟುವಾಗ ಬಲಗಡೆ ಎಡಗಡೆ ಕೂತವರೆಲ್ಲ ಕಿಟಕಿಯ ಕಡೆ ತಿರುಗಿದರು. ನದಿಯ ದಡದುದ್ದಕ್ಕೂ ಕೆಂಪು ಗೋಡೆ, ಕೆಂಪು ಗೋಪುರ, ಕೆಂಪು ಚಾವಣಿ. ಅದೇ ಮಾಲ್ಬೋರ್ಕ್ ಕೋಟೆ. ನೆಲದ ವಿಸ್ತಾರದ ಲೆಕ್ಕದಲ್ಲಿ ಪ್ರಪಂಚದ ಅತಿ ದೊಡ್ಡ ಕೋಟೆ ಎಂದು ಇದನ್ನು ಕರೆಯುತ್ತಾರೆ.

ಒಳಗೆ ಹೋಗಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅಪ್ಪ ಕನ್ನಡಕ ಏರಿಸಿ ಇಳಿಸಿ ನೋಡಿ ಕೇಳಿದ ಮೊದಲ ಪ್ರಶ್ನೆ: "ಅಲ್ಲ ಕಣೋ, ಇಷ್ಟು ದೊಡ್ಡ ಕೋಟೆನ ಇಟ್ಟಿಗೇಲಿ ಕಟ್ಟವ್ರಲ್ಲ, ಆ ಊರಲ್ಲಿ ಕಲ್ಲಿಲ್ವಾ?"

ಅಪ್ಪ ಕೇಳಿದ್ದು ಸುಮ್ಮನೆ ಅಲ್ಲ. ನಮ್ಮ ತಾತ, ಅಪ್ಪ ಇಬ್ಬರೂ ಕೆರೆಯ ಪಕ್ಕದಲ್ಲಿ ಇಟ್ಟಿಗೆ ಗೂಡು ಹಾಕುತ್ತಿದ್ದವರು. ಊರಿನ ಅರ್ಧ ಮನೆಗಳಲ್ಲಿ ನಮ್ಮ ಗೂಡಿನ ಇಟ್ಟಿಗೆ ಇದೆ. ನಮ್ಮ ಶಾಲೆಯ ಮೊದಲ ಮೂರು ಕೋಣೆಗಳ ಇಟ್ಟಿಗೆಯೂ ತಾತ ಕುಯ್ದು ಸುಟ್ಟು ಗಾಡಿಯಲ್ಲಿ ಹೊಡೆಸಿದ್ದೇ. ಅದರ ಮಾತು ಆಮೇಲೆ ಬರುತ್ತದೆ.

ಅಪ್ಪನ ಪ್ರಶ್ನೆಗೆ ಉತ್ತರ ಹೀಗೆ. ಆ ಸೀಮೆ ವಿಸ್ತುಲಾ ನದಿ ಸಮುದ್ರ ಸೇರುವ ಕಡೆಯ ತಗ್ಗು ನೆಲ. ನಮ್ಮ ಕಡೆಯ ಹಾಗೆ ಎಲ್ಲಿ ನೋಡಿದರೂ ಬಂಡೆ ಅಲ್ಲಿಲ್ಲ. ಹಿಮಯುಗದಲ್ಲಿ ಹಿಮದ ಜೊತೆ ಉರುಳಿ ಬಂದ ಗುಂಡುಕಲ್ಲುಗಳು ಮಾತ್ರ ಅಲ್ಲಿ ಇಲ್ಲಿ ಸಿಗುತ್ತವೆ. ಅವನ್ನು ಆರಿಸಿ ಪಾಯಕ್ಕೆ ಹಾಕಿದರು. ಕೆತ್ತನೆಗೆ ಬೇಕಾದ ಸುಣ್ಣಕಲ್ಲನ್ನು ಸಮುದ್ರದಾಚೆಯ ಗಾಟ್‌ಲ್ಯಾಂಡ್ ದ್ವೀಪದಿಂದ ಹಡಗಿನಲ್ಲಿ ತರಿಸಿದರು. ಉಳಿದದ್ದಕ್ಕೆಲ್ಲ ಕಾಲ ಕೆಳಗಿನ ಜೇಡಿಮಣ್ಣು, ಸುತ್ತಲಿನ ಕಾಡಿನ ಸೌದೆ. ಒಂದೊಂದು ಇಟ್ಟಿಗೆ ಸುಮಾರು 30 ಸೆಂ.ಮೀ. ಉದ್ದ. ಒಂದು ಕೈಯಲ್ಲಿ ಎತ್ತಿದರೆ ಮಣಿಕಟ್ಟು ಸೋಲುತ್ತದೆ. ಗೂಡಿನಲ್ಲಿ ಬೆಂಕಿಗೆ ತೀರ ಹತ್ತಿರ ಇದ್ದು ಕಪ್ಪಾಗಿ ಗಾಜುಗಟ್ಟಿದ ಇಟ್ಟಿಗೆಗಳನ್ನು ನಾವಾದರೆ ಪಾಯದ ಗುಂಡಿಗೆ ಎಸೆಯುತ್ತೇವೆ. ಅಲ್ಲಿಯವರು ಅದನ್ನೇ ಆರಿಸಿ ಇಟ್ಟುಕೊಂಡು, ಕೆಂಪು ಗೋಡೆಯ ನಡುವೆ ಚೌಕಳಿ ಚೌಕಳಿಯಾಗಿ ಕೂರಿಸಿ ಚಿತ್ತಾರ ಮಾಡಿದ್ದಾರೆ. ಇದನ್ನು ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇನ್ನು ಕಟ್ಟಿದವರು ಯಾರು? ಇವರನ್ನು ಟ್ಯೂಟಾನಿಕ್ ನೈಟ್ಸ್ ಎನ್ನುತ್ತಾರೆ. ಜರ್ಮನ್ ಸನ್ಯಾಸಿ ಯೋಧರು. ಕ್ರುಸೇಡ್ ಯುದ್ಧಗಳ ಕಾಲದಲ್ಲಿ, 1190ರಲ್ಲಿ, ಪಶ್ಚಿಮ ಏಷ್ಯಾದ ಆಕ್ರೆ ಪಟ್ಟಣದ ಮುತ್ತಿಗೆಯ ವೇಳೆ ಗಾಯಾಳುಗಳ ಆರೈಕೆಗೆಂದು ಹುಟ್ಟಿದ ಸಂಘ ಅದು. ಎಂಟು ವರ್ಷದಲ್ಲಿ ಕತ್ತಿ ಹಿಡಿದ ಸಂಘವಾಯಿತು. ಬಿಳಿ ನಿಲುವಂಗಿ, ಅದರ ಮೇಲೆ ಕಪ್ಪು ಶಿಲುಬೆ. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತ. ಮೊದಲನೆಯ ವ್ರತವನ್ನು ಎಷ್ಟು ಪಾಲಿಸಿದರು ಎಂಬುದಕ್ಕೆ ಈ ಕೋಟೆಯೇ ಉತ್ತರ.

ಪೋಲೆಂಡಿನ ಮಜೋವಿಯಾ ಪ್ರಾಂತದ ದೊರೆ ಕೊನ್ರಾಡ್, ಪಕ್ಕದ ಪ್ರಶ್ಯನ್ ಬುಡಕಟ್ಟುಗಳ ಕಾಟ ತಡೆಯಲಾರದೆ, 1226ರಲ್ಲಿ ಇವರನ್ನು ಸಹಾಯಕ್ಕೆ ಕರೆದ. ಬಂದವರು ಹಿಂದಿರುಗಲಿಲ್ಲ. ಪ್ರಶ್ಯನ್ನರು ತಮ್ಮದೇ ದೇವರು, ತಮ್ಮದೇ ಭಾಷೆ ಇದ್ದ ಜನ. ಅವರನ್ನು ಸೋಲಿಸಿ ಮತಾಂತರಿಸಿ ಅವರ ನೆಲದಲ್ಲಿ ನೈಟ್‌ಗಳು ತಮ್ಮದೇ ರಾಜ್ಯ ಕಟ್ಟಿದರು. ಮುಂದೆ ಆ ಭಾಷೆಯೇ ಅಳಿದುಹೋಯಿತು. ವಿಚಿತ್ರವೆಂದರೆ ಪ್ರಶ್ಯಾ ಎಂಬ ಹೆಸರು ಮಾತ್ರ ಉಳಿಯಿತು, ಅದನ್ನು ಇಟ್ಟುಕೊಂಡವರು ಗೆದ್ದವರ ವಂಶದವರು. ಮಾಲ್ಬೋರ್ಕ್‌ನ ಭವ್ಯತೆಯನ್ನು ಹೊಗಳುವಾಗ ಈ ಸಾಲನ್ನು ಬಿಟ್ಟು ಹೊಗಳಲು ನನಗೆ ಮನಸ್ಸು ಬರುವುದಿಲ್ಲ.

ಕೋಟೆಯ ಕೆಲಸ ಶುರುವಾದದ್ದು 1270ರ ದಶಕದಲ್ಲಿ. ಮೇರಿಯಮ್ಮನ ಹೆಸರಿನಲ್ಲಿ ಮರಿಯೆನ್‌ಬುರ್ಗ್ ಎಂದು ಕರೆದರು. ಅದನ್ನೇ ಪೋಲಿಷ್ ನಾಲಿಗೆ ಮಾಲ್ಬೋರ್ಕ್ ಮಾಡಿತು. 1291ರಲ್ಲಿ ಆಕ್ರೆ ಕೈತಪ್ಪಿದ ಮೇಲೆ ಸಂಘದ ಮುಖ್ಯಸ್ಥ, ಅಂದರೆ ಗ್ರ್ಯಾಂಡ್ ಮಾಸ್ಟರ್, ವೆನಿಸ್ ನಗರದಲ್ಲಿದ್ದ. 1309ರಲ್ಲಿ ಅಲ್ಲಿಂದ ಗಂಟುಮೂಟೆ ಕಟ್ಟಿ ಇಲ್ಲಿಗೆ ಬಂದ. ಅಲ್ಲಿಂದ ಮುಂದೆ ಒಂದೂವರೆ ಶತಮಾನ ಇದೇ ರಾಜಧಾನಿ. ಕಟ್ಟಡ ಬೆಳೆಯುತ್ತಲೇ ಹೋಯಿತು. ಮೇಲಿನ ಕೋಟೆಯಲ್ಲಿ ನಮ್ಮ ತೊಟ್ಟಿಮನೆಯ ಹಾಗೆ ನಡುವೆ ಅಂಗಳ, ಸುತ್ತ ಚರ್ಚು, ಅಡುಗೆಮನೆ, ಮಲಗುವ ಕೋಣೆ. ಮಧ್ಯ ಕೋಟೆಯಲ್ಲಿ ಅತಿಥಿಗಳಿಗೂ ಗ್ರ್ಯಾಂಡ್ ಮಾಸ್ಟರ್‌ಗೂ ಅರಮನೆ. ಕೆಳಗಿನ ಕೋಟೆಯಲ್ಲಿ ಕುದುರೆ ಲಾಯ, ಕಣಜ, ಕಮ್ಮಾರಸಾಲೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಕಂದಕ ದಾಟಬೇಕು. ಒಂದು ಬಿದ್ದರೂ ಇನ್ನೊಂದು ನಿಲ್ಲಲಿ ಎಂಬ ಲೆಕ್ಕಾಚಾರ.

ಮಧ್ಯ ಕೋಟೆಯ ದೊಡ್ಡ ಊಟದ ಸಾಲೆಯನ್ನು ನೋಡಿ ನಾನು ಬಾಯಿ ಬಿಟ್ಟು ನಿಂತಿದ್ದು ನಿಜ. 30 ಮೀಟರ್ ಉದ್ದ, 15 ಮೀಟರ್ ಅಗಲ. ಇಷ್ಟು ದೊಡ್ಡ ಚಾವಣಿಯನ್ನು ನಡುವೆ ಹೊತ್ತು ನಿಂತಿರುವುದು ಮೂರೇ ಮೂರು ಸಪೂರ ಗ್ರಾನೈಟ್ ಕಂಬಗಳು. ಪ್ರತಿ ಕಂಬದ ತಲೆಯಿಂದ ಇಟ್ಟಿಗೆಯ ಕಮಾನುಗಳು ತೆಂಗಿನ ಗರಿಯ ಹಾಗೆ ಹರಡಿಕೊಂಡು ಒಂದಕ್ಕೊಂದು ಸೇರುತ್ತವೆ. ಅದರ ಕೆಳಗೆ ನೆಲದಲ್ಲಿ ತೂತುಗಳಿವೆ, ಅವಕ್ಕೆ ಮುಚ್ಚಳಗಳಿವೆ. ನೆಲದಡಿಯ ಒಲೆಯಲ್ಲಿ ಸೌದೆ ಉರಿಸಿ, ಅದರ ಮೇಲೆ ಪೇರಿಸಿದ ಗುಂಡುಕಲ್ಲುಗಳನ್ನು ಕಾಯಿಸುತ್ತಿದ್ದರು. ಬೆಂಕಿ ಆರಿ ಹೊಗೆ ಹೋದ ಮೇಲೆ ಮುಚ್ಚಳ ತೆಗೆದರೆ ಬಿಸಿಗಾಳಿ ಮೇಲಕ್ಕೆ ಬರುತ್ತದೆ. ನಮ್ಮ ಹಂಡೆ ಒಲೆಯಲ್ಲಿ ಬೆಂಕಿ ಆರಿದ ಮೇಲೂ ನೀರು ಬಿಸಿಯಿರುತ್ತದಲ್ಲ, ಅದೇ ಉಪಾಯ. ಮೈನಸ್ ಡಿಗ್ರಿಯ ಚಳಿಯಲ್ಲಿ ನಾಲ್ಕು ಪದರ ಬಟ್ಟೆ ಹಾಕಿಕೊಂಡು ನಿಂತಿದ್ದ ನನಗೆ ಕೋಟೆಯ ಬೇರೆಲ್ಲ ವೈಭವಕ್ಕಿಂತ ಈ ತೂತುಗಳೇ ಹೆಚ್ಚು ಹಿಡಿಸಿದವು.

1410ರ ಜುಲೈ 15ರಂದು ಗ್ರುನ್‌ವಾಲ್ಡ್ ಎಂಬಲ್ಲಿ ಪೋಲೆಂಡ್ ಮತ್ತು ಲಿಥುವೇನಿಯಾ ಸೇನೆಗಳು ಒಟ್ಟಾಗಿ ನೈಟ್‌ಗಳನ್ನು ಸೋಲಿಸಿದವು. ಗ್ರ್ಯಾಂಡ್ ಮಾಸ್ಟರ್ ಉಲ್ರಿಚ್ ಯುದ್ಧಭೂಮಿಯಲ್ಲೇ ಸತ್ತ. ಇನ್ನು ಮಾಲ್ಬೋರ್ಕ್ ಬಿತ್ತು ಎಂದೇ ಎಲ್ಲರೂ ಎಣಿಸಿದರು. ಆದರೆ ಹೈನ್ರಿಚ್ ಫಾನ್ ಪ್ಲಾವೆನ್ ಎಂಬ ಅಧಿಕಾರಿ ಓಡಿಬಂದು ಕೋಟೆ ಸೇರಿಕೊಂಡ. ಶತ್ರುಗಳಿಗೆ ಮರೆಯಾಗಬಾರದೆಂದು ಕೋಟೆ ಪಕ್ಕದ ತಮ್ಮದೇ ಪಟ್ಟಣಕ್ಕೆ ಬೆಂಕಿ ಹಚ್ಚಿಸಿದ. ಸುಮಾರು ಎರಡು ತಿಂಗಳು ಮುತ್ತಿಗೆ ನಡೆಯಿತು. ಸೆಪ್ಟೆಂಬರಿನಲ್ಲಿ ದೊರೆ ಯಗೆಯ್ಲೋ ಬರಿಗೈಯಲ್ಲಿ ಹಿಂದಿರುಗಿದ. ಆ ಮುತ್ತಿಗೆಯದೊಂದು ಕಥೆಯನ್ನು ಅಲ್ಲಿ ಪ್ರತಿಯೊಬ್ಬ ಗೈಡ್ ಹೇಳುತ್ತಾನೆ. ಬೇಸಿಗೆ ಊಟದ ಸಾಲೆಯ ಚಾವಣಿ ಪೂರ್ತಿ ನಿಂತಿರುವುದು ಒಂದೇ ಕಂಬದ ಮೇಲೆ. ಒಳಗೆ ಮುಖಂಡರೆಲ್ಲ ಸಭೆ ಸೇರಿದ್ದಾಗ ಆ ಕಂಬಕ್ಕೇ ಗುರಿಯಿಟ್ಟು ಹೊರಗಿನಿಂದ ಫಿರಂಗಿ ಹಾರಿಸಿದರಂತೆ. ಗುರಿ ತಪ್ಪಿ ಕಲ್ಲುಗುಂಡು ಗೋಡೆಗೆ ಕಚ್ಚಿಕೊಂಡಿತಂತೆ. ಕಥೆಯ ನಿಜ ಹೇಗೋ ಏನೋ, ಗುಂಡು ಮಾತ್ರ ಇವತ್ತಿಗೂ ಗೋಡೆಯಲ್ಲಿದೆ.

ಫಿರಂಗಿಗೆ ಬಗ್ಗದ ಕೋಟೆ ಸಂಬಳದ ಬಾಕಿಗೆ ಬಗ್ಗಿತು. 1454ರಲ್ಲಿ ಮತ್ತೆ ಯುದ್ಧ ಶುರುವಾದಾಗ ನೈಟ್‌ಗಳು ಬೊಹೆಮಿಯಾ ಮುಂತಾದ ಕಡೆಗಳಿಂದ ಬಾಡಿಗೆ ಸೈನಿಕರನ್ನು ಕರೆಸಿದರು. ಕೊಡಲು ಹಣವಿಲ್ಲ. ಕೋಟೆಯನ್ನೇ ಅವರಿಗೆ ಅಡವಿಟ್ಟರು. ಬಾಕಿ ತೀರಲಿಲ್ಲ. ಸೈನಿಕರು ಶತ್ರುವಿನ ಜೊತೆಯೇ ವ್ಯಾಪಾರ ಕುದುರಿಸಿ, 1,90,000 ಚಿನ್ನದ ನಾಣ್ಯಕ್ಕೆ ಕೋಟೆಯನ್ನು ಪೋಲೆಂಡಿನ ದೊರೆ ಕಾಜಿಮಿಯೆಷ್‌ಗೆ ಮಾರಿದರು. 1457ರ ಜೂನ್‌ನಲ್ಲಿ ದೊರೆ ಒಂದು ಗುಂಡೂ ಹಾರಿಸದೆ ಒಳಗೆ ನಡೆದುಬಂದ. ಗ್ರ್ಯಾಂಡ್ ಮಾಸ್ಟರ್ ಕೊನಿಗ್ಸ್‌ಬರ್ಗ್ ಕಡೆಗೆ ಹೊರಟುಹೋದ. ಅಲ್ಲಿಂದ 1772ರ ತನಕ, ಅಂದರೆ 315 ವರ್ಷ, ಇದು ಪೋಲೆಂಡ್ ದೊರೆಗಳ ಕೋಟೆ. ನಡುವೆ ಸ್ವೀಡನ್ನಿನವರು ಎರಡು ಸಲ ಹಿಡಿದರು, ಬಿಟ್ಟರು.

ನಾನು ನಿಜಕ್ಕೂ ಹೇಳಬೇಕಾದ ಕಥೆ ಇಲ್ಲಿಂದ ಮುಂದಿನದು.

1772ರಲ್ಲಿ ಪೋಲೆಂಡನ್ನು ಅಕ್ಕಪಕ್ಕದ ದೊಡ್ಡ ರಾಜ್ಯಗಳು ಹಂಚಿಕೊಂಡಾಗ ಮಾಲ್ಬೋರ್ಕ್ ಪ್ರಶ್ಯಾ ಸರ್ಕಾರದ ಪಾಲಿಗೆ ಬಂತು. ಅವರಿಗೆ ಅದೊಂದು ದೊಡ್ಡ ಹಳೆಯ ಕಟ್ಟಡ, ಅಷ್ಟೆ. ಸೈನಿಕರ ಬ್ಯಾರಕ್ ಮಾಡಿದರು. ಬಡವರನ್ನು ಇರಿಸುವ ಛತ್ರ ಮಾಡಿದರು. ಮೂರು ಕಂಬದ ಆ ಚೆಂದದ ಸಾಲೆಯಲ್ಲಿ ಕವಾಯತು ನಡೆಯಿತು. ಆಮೇಲೆ ಉಗ್ರಾಣಕ್ಕೆ ಜಾಗ ಸಾಲದೆಂದು ಮೇಲಿನ ಕೋಟೆಯ ಕಮಾನು ಚಾವಣಿಗಳನ್ನು ಒಡೆದು ಮರದ ಅಟ್ಟ ಹಾಕತೊಡಗಿದರು. ಪೂರ್ತಿ ಕೆಡವಿಬಿಡಬಹುದೇ ಎಂಬ ಲೆಕ್ಕವೂ ನಡೆದಿತ್ತು. ಅದಕ್ಕೆಂದು 1794ರಲ್ಲಿ ಸರ್ಕಾರಿ ವಾಸ್ತುಶಿಲ್ಪಿ ಡೇವಿಡ್ ಗಿಲ್ಲಿ ಸರ್ವೆಗೆ ಬಂದ. ಜೊತೆಯಲ್ಲಿ ಇಪ್ಪತ್ತೆರಡು ವರ್ಷದ ಮಗ ಫ್ರೀಡ್ರಿಚ್ ಬಂದಿದ್ದ.

ಅಪ್ಪ ಅಳತೆ ಹಿಡಿಯುತ್ತಿದ್ದಾಗ ಮಗ ಚಿತ್ರ ಬರೆದ. ಕಂಬ, ಕಮಾನು, ಒಳಗಿನ ನೆರಳು ಬೆಳಕು, ಸ್ವಲ್ಪ ಕಲ್ಪನೆಯನ್ನೂ ಬೆರೆಸಿ ಬರೆದ ಚಿತ್ರಗಳು. ಅವನ್ನು ಬರ್ಲಿನ್ನಿನಲ್ಲಿ ಪ್ರದರ್ಶನಕ್ಕಿಟ್ಟರು. ಫ್ರೀಡ್ರಿಚ್ ಫ್ರಿಕ್ ಎಂಬ ಕಲಾವಿದ 1799ರಿಂದ 1803ರವರೆಗೆ ಅವನ್ನು ಅಚ್ಚು ಹಾಕಿಸಿ ಹೊರತಂದ. ತಮ್ಮ ದೇಶದಲ್ಲಿ ಇಂಥದೊಂದಿದೆ ಎಂದು ಜನಕ್ಕೆ ಗೊತ್ತಾದದ್ದೇ ಆ ಚಿತ್ರಗಳಿಂದ. ಗಿಲ್ಲಿ 1800ರಲ್ಲಿ, 28 ವರ್ಷಕ್ಕೇ ತೀರಿಕೊಂಡ. ತನ್ನ ಚಿತ್ರಗಳು ಏನು ಮಾಡಿದವು ಎಂದು ಅವನಿಗೆ ತಿಳಿಯಲೇ ಇಲ್ಲ. 1803ರಲ್ಲಿ ಮಾಕ್ಸ್ ಫಾನ್ ಶೆಂಕೆನ್‌ಡೋರ್ಫ್ ಎಂಬ ಇನ್ನೊಬ್ಬ ಹುಡುಗ, ವಯಸ್ಸು ಇನ್ನೂ ಇಪ್ಪತ್ತು ತುಂಬಿರಲಿಲ್ಲ, ಬರ್ಲಿನ್ನಿನ ಪತ್ರಿಕೆಗೆ ಬರೆದು ಈ ಕೆಡಹುವಿಕೆಯನ್ನು ಬಯಲಿಗೆಳೆದ. ಮರುವರ್ಷ ಒಡೆಯುವುದನ್ನು ನಿಲ್ಲಿಸಬೇಕೆಂದು ದೊರೆಯ ಆಜ್ಞೆ ಹೊರಟಿತು. ಇಷ್ಟು ದೊಡ್ಡ ಕೋಟೆ ಉಳಿದದ್ದು ಒಬ್ಬ ಹುಡುಗನ ಚಿತ್ರದಿಂದ, ಇನ್ನೊಬ್ಬ ಹುಡುಗನ ಪತ್ರದಿಂದ. ಹೈಸ್ಕೂಲಿನ ಸಂಚಿಕೆಯಲ್ಲಿ ಬರೆಯುತ್ತಿರುವುದರಿಂದ ಈ ವಯಸ್ಸಿನ ಲೆಕ್ಕವನ್ನು ಬೇಕೆಂದೇ ಕೊಟ್ಟಿದ್ದೇನೆ.

ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಕೋಟೆ ಮತ್ತೆ ಆಸ್ಪತ್ರೆ, ಮದ್ದುಗುಂಡಿನ ಮನೆ ಆಯಿತು. ಅದೆಲ್ಲ ಮುಗಿದ ಮೇಲೆ ಥಿಯೋಡೋರ್ ಫಾನ್ ಶೋನ್ ಎಂಬ ಆಡಳಿತಗಾರನ ಮುತುವರ್ಜಿಯಲ್ಲಿ ಜೀರ್ಣೋದ್ಧಾರ ಶುರುವಾಯಿತು. ಮೊದಲ ಹಂತದಲ್ಲಿ ಉತ್ಸಾಹ ಹೆಚ್ಚು, ವಿಚಾರಣೆ ಕಡಿಮೆ. ಹಳೆಯ ಕಾಲ ಹೀಗಿದ್ದಿರಬೇಕು ಎಂದು ಮನಸ್ಸಿಗೆ ಬಂದಂತೆ ಕಟ್ಟಿದರು. ಬಣ್ಣದ ಗಾಜು, ಮೊನಚು ತೆನೆಗಳು ಎಲ್ಲ ಬಂದವು.

ಇದನ್ನು ಸರಿದಾರಿಗೆ ತಂದವನು ಕೊನ್ರಾಡ್ ಸ್ಟೈನ್‌ಬ್ರೆಕ್ಟ್. 1882ರಲ್ಲಿ ಕೆಲಸಕ್ಕೆ ಬಂದವನು 1922ರ ತನಕ ನಲವತ್ತು ವರ್ಷ ಅಲ್ಲೇ ಇದ್ದ. ಕಂಪನಿ ಬದಲಿಸುತ್ತಲೇ ಇರುವ ನಮ್ಮಂಥವರಿಗೆ ಈ ನಲವತ್ತು ವರ್ಷ ಅರ್ಥವಾಗುವುದು ಕಷ್ಟ. ಅವನು ಮೊದಲು ಅಗೆದ. ಗಿಲಾವು ಕೆರೆದು ಅಡಿಯ ಇಟ್ಟಿಗೆಯ ಸಾಲು ನೋಡಿದ. ಒಡೆದ ಕಮಾನಿನ ಬುಡ ಗೋಡೆಯಲ್ಲಿ ಎಲ್ಲಿ ಉಳಿದಿದೆ ಎಂದು ಹುಡುಕಿ, ಅದರ ಓರೆಯಿಂದ ಇಡೀ ಕಮಾನಿನ ಆಕಾರ ಲೆಕ್ಕ ಹಾಕಿದ. ಅದೇ ಸಂಘದವರು ಕಟ್ಟಿದ ಬೇರೆ ಕೋಟೆಗಳನ್ನು ಸುತ್ತಿ ಹೋಲಿಸಿದ. ಹಳೆಯ ಅಳತೆಯ ಇಟ್ಟಿಗೆಯನ್ನೇ ಹೊಸದಾಗಿ ಸುಡಿಸಿದ. ಮಧ್ಯಯುಗದ ಕೆಲಸಗಾರರಿಗೆ ಗೊತ್ತಿದ್ದು ಆಮೇಲೆ ಜನ ಮರೆತಿದ್ದ ಎಷ್ಟೋ ಕೈಚಳಕಗಳನ್ನು ಇಲ್ಲಿಯ ಕೆಲಸದಲ್ಲಿ ಮತ್ತೆ ಕಂಡುಕೊಂಡರು. ಎಲ್ಲಕ್ಕಿಂತ ಮುಖ್ಯವಾಗಿ, ಮಾಡಿದ್ದನ್ನೆಲ್ಲ ಬರೆದಿಟ್ಟರು. ನಕ್ಷೆ, ಅಳತೆ, ಫೋಟೋ.

ಸ್ಟೈನ್‌ಬ್ರೆಕ್ಟ್‌ನನ್ನು ದೇವರು ಮಾಡುವುದು ಬೇಡ. ಅವನ ಕಣ್ಣಿಗೆ ನೈಟ್‌ಗಳ ಕಾಲ ಮಾತ್ರ ಕೋಟೆ, ಆಮೇಲಿನ ಮೂರು ಶತಮಾನ ಕಸ. ಪೋಲಿಷ್ ದೊರೆಗಳ ಕಾಲದಲ್ಲಿ ಜೆಸ್ಯೂಟ್ ಪಾದ್ರಿಗಳು ಎರಡು ಕೋಟೆಗಳ ನಡುವೆ ಕಟ್ಟಿಕೊಂಡಿದ್ದ ಮನೆಯನ್ನು ತೆಗೆಸಿಹಾಕಿದ. ಗೊತ್ತಿಲ್ಲದ ಕಡೆ ಕಲ್ಪಿಸಿಯೂ ಕಟ್ಟಿದ. ಮೇಲಿನ ಕೋಟೆಯ ಬಾವಿಯ ಚಾವಣಿ ಮೇಲೆ ಮರಿಗಳಿಗೆ ಗುಟುಕು ಕೊಡುವ ಪೆಲಿಕನ್ ಹಕ್ಕಿಯಿದೆ, ಎಲ್ಲರೂ ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಅದು ಮಧ್ಯಯುಗದ್ದಲ್ಲ, ಇವನ ಕಾಲದ್ದು. ಅಷ್ಟೇ ಅಲ್ಲ, ಕಟ್ಟಿಸಿದ ಸರ್ಕಾರಕ್ಕೆ ಬೇರೆ ಉದ್ದೇಶವೂ ಇತ್ತು. 1902ರಲ್ಲಿ ಚಕ್ರವರ್ತಿ ಎರಡನೇ ವಿಲ್ಹೆಲ್ಮ್ ಇದೇ ಅಂಗಳದ ಸಮಾರಂಭಕ್ಕೆ ಬಂದು ಪೋಲಿಷ್ ಜನರ ವಿರುದ್ಧ ಮಾತಾಡಿದ. ಮುಂದೆ ನಾಜಿಗಳು ಇಲ್ಲಿ ತಮ್ಮ ಯುವಕ ದಳದ ಮೆರವಣಿಗೆ ನಡೆಸಿದರು. ಹಳೆಯ ಗೋಡೆಯನ್ನು ಪ್ರೀತಿಯಿಂದ ಕಟ್ಟಿದವನೊಬ್ಬ, ಅದರ ಮುಂದೆ ನಿಂತು ಪಕ್ಕದ ಮನೆಯವನನ್ನು ಹೆದರಿಸಿದವನು ಇನ್ನೊಬ್ಬ.

ಹೆದರಿಸಿದ್ದಕ್ಕೆ ಬೆಲೆ ಕೊಟ್ಟದ್ದು ಗೋಡೆ. 1945ರ ಜನವರಿ ಕೊನೆಗೆ ಸೋವಿಯತ್ ಸೇನೆ ಬಂದಾಗ ಜರ್ಮನ್ ಸೈನಿಕರು ಕೋಟೆಯೊಳಗೆ ಸೇರಿಕೊಂಡರು. ಮಾರ್ಚ್ 9ರವರೆಗೆ ಫಿರಂಗಿ ದಾಳಿ. ಮಧ್ಯಯುಗದ ಫಿರಂಗಿಯ ಒಂದು ಗುಂಡು ಕಚ್ಚಿಕೊಂಡಿದ್ದ ಆ ಗೋಡೆಗೆ ಇಪ್ಪತ್ತನೇ ಶತಮಾನದ ಫಿರಂಗಿಗಳು ಆರು ವಾರ ಬಡಿದವು. ಕೋಟೆಯ ಅರ್ಧಕ್ಕಿಂತ ಹೆಚ್ಚು ಭಾಗ ನೆಲಸಮ. ಪೂರ್ವದ ಕಡೆ ದೊಡ್ಡ ಗೋಪುರ ಕುಸಿಯಿತು, ಚರ್ಚಿನ ಅರ್ಧ ಹೋಯಿತು. ಚರ್ಚಿನ ಹೊರಗೋಡೆಯಲ್ಲಿ ಸುಮಾರು ಎಂಟು ಮೀಟರ್ ಎತ್ತರದ, ಬಣ್ಣದ ಗಾಜಿನ ಚೂರು ಮೆತ್ತಿದ ಮೇರಿಯಮ್ಮನ ವಿಗ್ರಹವಿತ್ತು. ಹದಿನಾಲ್ಕನೇ ಶತಮಾನದ್ದು. ಅದೂ ಪುಡಿಯಾಯಿತು. ಆಗಿನ ಒಂದು ಫೋಟೋ ಅಲ್ಲಿ ತೂಗುಹಾಕಿದ್ದಾರೆ. ಮಳೆಗಾಲದಲ್ಲಿ ಕುಸಿದ ಇಟ್ಟಿಗೆ ಗೂಡಿನ ಹಾಗೆ ಕಾಣುತ್ತದೆ.

ಯುದ್ಧ ಮುಗಿದು ಊರು ಪೋಲೆಂಡಿಗೆ ಬಂತು. ಜರ್ಮನರು ಹೋದರು, ಪೂರ್ವದಲ್ಲಿ ತಮ್ಮ ಊರು ಕಳೆದುಕೊಂಡ ಪೋಲಿಷ್ ಜನ ಬಂದು ನೆಲೆಸಿದರು. ಈಗ ಯೋಚಿಸಿ ನೋಡಿ. ಆ ಜನಕ್ಕೆ ಈ ಕೋಟೆ ಏನು? ಶತ್ರು ಕಟ್ಟಿದ್ದು, ಶತ್ರು ಮೆರೆದದ್ದು. ಸ್ವಂತ ರಾಜಧಾನಿ ವಾರ್ಸಾವೇ ಬೂದಿಯಾಗಿತ್ತು. ಮಾಲ್ಬೋರ್ಕ್ ಹಳೆಯ ಪಟ್ಟಣದ ಪಾಳುಮನೆಗಳ ಇಟ್ಟಿಗೆಯನ್ನು ಬಿಡಿಸಿ ವಾರ್ಸಾ ಕಟ್ಟಲು ಸಾಗಿಸಿದರು. ಕೋಟೆಯನ್ನೂ ಹಾಗೇ ಬಿಡಿಸಿದ್ದರೆ ಯಾರೂ ಅವರನ್ನು ತಪ್ಪೆನ್ನುತ್ತಿರಲಿಲ್ಲ. 1959ರಲ್ಲಿ ಮಧ್ಯ ಕೋಟೆಯ ಚಾವಣಿಗೆ ಬೆಂಕಿಯೂ ಬಿತ್ತು. ಬೆಂಕಿ ಬಿದ್ದ ಮೇಲೆ ಜನ ಎಚ್ಚೆತ್ತರು. 1961ರಲ್ಲಿ ಕೋಟೆ ವಸ್ತುಸಂಗ್ರಹಾಲಯ ಸ್ಥಾಪನೆಯಾಯಿತು, ಪುನಃ ಕಟ್ಟುವ ಕೆಲಸ ನೆಲೆಗೆ ನಿಂತಿತು.

ಕಟ್ಟಿದ್ದು ಹೇಗೆ ಎಂದರೆ, ಸ್ಟೈನ್‌ಬ್ರೆಕ್ಟ್ ಮತ್ತು ಅವನ ನಂತರದವರು ಮಾಡಿಟ್ಟಿದ್ದ ನಕ್ಷೆ, ಅಳತೆ, ಫೋಟೋ ನೋಡಿಕೊಂಡು. ಜರ್ಮನರು ತಮ್ಮ ಹೆಮ್ಮೆಗೆಂದು ಬರೆದಿಟ್ಟ ಕಾಗದದ ಸಹಾಯದಿಂದ ಪೋಲಿಷ್ ಗಾರೆ ಕೆಲಸದವರು ಗೋಡೆ ಎಬ್ಬಿಸಿದರು. ಅಲ್ಲಿ ಇದನ್ನು ಓದಿದಾಗ ನನಗೆ ನನ್ನ ಕಸುಬು ನೆನಪಾಯಿತು. ಸಾಫ್ಟ್‌ವೇರ್ ಕೆಲಸದಲ್ಲಿ ಎಲ್ಲರೂ ಮುಂದೂಡುವ ಕೆಲಸ ಒಂದಿದೆ, ಅದು ಡಾಕ್ಯುಮೆಂಟೇಷನ್. ಪ್ರೋಗ್ರಾಮ್ ಬರೆದವನು ಕೆಲಸ ಬಿಟ್ಟುಹೋಗಿ, ಸರ್ವರ್ ಬಿದ್ದ ರಾತ್ರಿ, ಅವನು ಬರೆದಿಟ್ಟ ನಾಲ್ಕು ಪುಟವೇ ಗತಿ. ಬರೆದಿಟ್ಟವನು ಯಾರು, ಯಾಕೆ ಬರೆದ ಎಂದು ಆಗ ಯಾರೂ ಕೇಳುವುದಿಲ್ಲ.

1997ರಲ್ಲಿ ಯುನೆಸ್ಕೊ ಮಾಲ್ಬೋರ್ಕನ್ನು ವಿಶ್ವ ಪರಂಪರೆಯ ತಾಣ ಎಂದು ಪಟ್ಟಿಗೆ ಸೇರಿಸಿತು. ಕಟ್ಟಡದ ಜೊತೆಗೆ ಜೀರ್ಣೋದ್ಧಾರದ ಆ ಪರಂಪರೆಯನ್ನೂ ಅದು ಗುರುತಿಸಿತು. ಆದರೂ ಚರ್ಚು ಮಾತ್ರ ಇನ್ನೂ ಹಲವು ವರ್ಷ ಪಾಳಾಗಿಯೇ ಇತ್ತು. ಅದರ ಕೆಲಸ ಮುಗಿದು ಬಾಗಿಲು ತೆರೆದದ್ದು 2016ರಲ್ಲಿ, ಯುದ್ಧವಾಗಿ 71 ವರ್ಷಕ್ಕೆ. ಗಾಜಿನ ಚೂರಿನ ಮೇರಿಯಮ್ಮನೂ ಆ ವರ್ಷವೇ ಮತ್ತೆ ಗೋಡೆಯಲ್ಲಿ ನಿಂತಳು, ಹಳೆಯ ಫೋಟೋಗಳ ಆಧಾರದ ಮೇಲೆ ಹೊಸದಾಗಿ ಮಾಡಿದ ವಿಗ್ರಹ.

ಚರ್ಚಿನ ಒಳಗೆ ಹೋದಾಗ ಬೇರೆ ಕಡೆ ಆಗದ ಒಂದು ಅನುಭವವಾಯಿತು. ಹೊಸ ಚಾವಣಿ ಹಾಕಿದ್ದಾರೆ, ಆದರೆ ಯುದ್ಧದ ಗಾಯಗಳನ್ನು ಪೂರ್ತಿ ಮುಚ್ಚದೆ ಬಿಟ್ಟಿದ್ದಾರೆ. ಮುಕ್ಕಾದ ಶಿಲ್ಪ ಮುಕ್ಕಾಗಿಯೇ ಇದೆ. ಹಳೆಯ ಇಟ್ಟಿಗೆ ಎಲ್ಲಿಗೆ ಮುಗಿಯಿತು, ಹೊಸದು ಎಲ್ಲಿಂದ ಶುರು ಎಂದು ಬರಿಗಣ್ಣಿಗೆ ಕಾಣುತ್ತದೆ. ಸ್ಟೈನ್‌ಬ್ರೆಕ್ಟ್ ಆಗಿದ್ದರೆ ಹೀಗೆ ಬಿಡುತ್ತಿರಲಿಲ್ಲ. ನೂರು ವರ್ಷದಲ್ಲಿ ಜೀರ್ಣೋದ್ಧಾರ ಎಂಬ ಮಾತಿನ ಅರ್ಥವೇ ಬದಲಾಗಿದೆ. ಇಷ್ಟೊಂದು ಸಲ ಕಟ್ಟಿದ ಮೇಲೆ ಇದು ಅಸಲಿ ಕೋಟೆಯೋ ನಕಲಿಯೋ ಎಂದು ಜೊತೆಗೆ ಬಂದಿದ್ದ ಗೆಳೆಯ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ಅಪ್ಪ ದೊಡ್ಡದು ಮಾಡಿ ನೋಡಿ, "ಗಿಲಾವು ಬಳಿದು ಮುಚ್ಚಿಲ್ಲ, ನಿಯತ್ತಿನ ಕೆಲಸ" ಎಂದರು. ಗೆಳೆಯನಿಗೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ.

ಅಲ್ಲಿದ್ದ ಹದಿನಾಲ್ಕು ತಿಂಗಳಲ್ಲಿ ಆರು ಸಲ ಮಾಲ್ಬೋರ್ಕ್‌ಗೆ ಹೋದೆ. ಒಂದು ಸಲ ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಒಂದು ಇಟ್ಟಿಗೆಯ ಮೇಲೆ ಮೂರು ಬೆರಳಿನ ಗುರುತು ಕಂಡಿತು. ಹಸಿಯಿದ್ದಾಗ ಯಾರೋ ಎತ್ತಿಟ್ಟ ಗುರುತು. ಅಂಥ ಗುರುತು ನಾನು ನೂರಾರು ನೋಡಿ ಬೆಳೆದವನು. ನನ್ನ ಬೆರಳನ್ನು ಅದರಲ್ಲಿಟ್ಟು ನೋಡಿದೆ. ಕಾವಲಿನ ಹೆಂಗಸು ಗದರಿದರು, ಕೈ ತೆಗೆದೆ.

ಈಗ ನಮ್ಮ ಶಾಲೆಯ ಮಾತು. 1974ರಲ್ಲಿ ಕಟ್ಟಿದ ಹೆಂಚಿನ ಮೂರು ಕೋಣೆಗಳು ಹಿರಿಯರಿಗೆಲ್ಲ ನೆನಪಿವೆ. ನಾನು ಎಂಟನೇ ತರಗತಿ ಓದಿದ್ದು ಮಧ್ಯದ ಕೋಣೆಯಲ್ಲಿ. ಮಳೆ ಬಂದರೆ ಮೂರನೇ ಬೆಂಚಿನವರು ಎರಡನೇ ಬೆಂಚಿಗೆ ಬರಬೇಕಿತ್ತು. ಹೊಸ ಆರ್‌ಸಿಸಿ ಕಟ್ಟಡ ಬರುವಾಗ ಅವುಗಳಲ್ಲಿ ಎರಡನ್ನು ಕೆಡವಿದರು. ಕೆಡವಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಗೋಡೆ ಬಿರುಕು ಬಿಟ್ಟಿತ್ತು, ಮಕ್ಕಳ ತಲೆ ಮೇಲೆ ಹೆಂಚು ಬೀಳುವುದಕ್ಕಿಂತ ಅದೇ ಒಳ್ಳೆಯದು. ಆದರೆ ಈ ಸಂಚಿಕೆಗೆಂದು ಸಮಿತಿಯವರು ಹಳೆಯ ಕಟ್ಟಡದ ಫೋಟೋ ಹುಡುಕಿದಾಗ ಯಾರ ಮನೆಯಲ್ಲೂ ಒಂದೂ ಸಿಗಲಿಲ್ಲ. ಸಿಕ್ಕಿದ್ದು ಒಂದು ಬ್ಯಾಚಿನ ಗ್ರೂಪ್ ಫೋಟೋ. ಅದರಲ್ಲಿ ಹಿಂದಿನ ಸಾಲಿನ ಎತ್ತರದ ಹುಡುಗರ ತಲೆಗಳ ನಡುವೆ ಅರ್ಧ ಕಿಟಕಿ, ಒಂದು ಕಂಬದ ತುದಿ ಕಾಣುತ್ತದೆ. ಊರೆಲ್ಲ ಮಣ್ಣು ಹೊತ್ತು, ಹಣ ಕೂಡಿಸಿ ಕಟ್ಟಿದ ಕಟ್ಟಡದ ಚಿತ್ರ ನಮ್ಮಲ್ಲಿ ಉಳಿದಿರುವುದು ಅಷ್ಟೇ. ಫೋಟೋ ತೆಗೆಯದವರಲ್ಲಿ ನಾನೂ ಒಬ್ಬ. ಬಿಇ ಓದುವಾಗ ರಜೆಗೆ ಬಂದಾಗಲೆಲ್ಲ ಆ ಜಗಲಿಯಲ್ಲಿ ಕೂತು ಹರಟೆ ಹೊಡೆದಿದ್ದೇನೆ, ಜೇಬಿನಲ್ಲಿ ಕ್ಯಾಮೆರಾ ಫೋನ್ ಇತ್ತು.

ಮೂರನೆಯ ಕೋಣೆ ಇನ್ನೂ ಇದೆ. ಬಿಸಿಯೂಟದ ಅಕ್ಕಿ ಮೂಟೆ, ಮುರಿದ ಬೆಂಚು ಹಾಕಿದ್ದಾರೆ. ಕಳೆದ ದಸರಾ ರಜೆಯಲ್ಲಿ ಮುಖ್ಯೋಪಾಧ್ಯಾಯರ ಅನುಮತಿ ಕೇಳಿ, ಟೇಪು, ಕಾಗದ, ಏಣಿ ಹಿಡಿದು ಅಪ್ಪನ ಜೊತೆ ಹೋದೆ. ಒಂಬತ್ತನೇ ತರಗತಿಯ ನಾಲ್ಕು ಮಕ್ಕಳು ಆಟ ಬಿಟ್ಟು ಬಂದು ಟೇಪಿನ ಇನ್ನೊಂದು ತುದಿ ಹಿಡಿದುಕೊಂಡರು. ಕೋಣೆಯ ಉದ್ದ, ಅಗಲ, ಕಿಟಕಿಯ ಎತ್ತರ, ತೊಲೆಯ ದಪ್ಪ, ಗೋಡೆಯ ಮಂದ ಎಲ್ಲ ಬರೆದುಕೊಂಡೆವು. ನಾಲ್ಕು ಗೋಡೆಯನ್ನೂ ಒಳಗೆ ಹೊರಗೆ ಫೋಟೋ ತೆಗೆದೆವು. ನಕ್ಷೆಯ ಒಂದು ಪ್ರತಿಯನ್ನು ಶಾಲೆಯ ಕಚೇರಿಗೆ, ಇನ್ನೊಂದನ್ನು ಊರಿನ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಯಾರ ಮನೆಯ ಆಲ್ಬಮ್ಮಿನಲ್ಲಾದರೂ ಉಳಿದೆರಡು ಕೋಣೆಗಳ ಒಂದು ಮೂಲೆ ಕಂಡರೂ ದಯವಿಟ್ಟು ಕಚೇರಿಗೆ ತಿಳಿಸಿ, ಪ್ರತಿ ತೆಗೆದು ಫೋಟೋ ಹಿಂದಿರುಗಿಸುತ್ತೇವೆ.

ಅವತ್ತು ಗಿಲಾವು ಉದುರಿದ ಒಂದು ಕಡೆ ಅಪ್ಪ ನಿಂತುಬಿಟ್ಟರು. ಉಗುರಿನಿಂದ ಗಾರೆ ಕೆರೆದು, ಇಟ್ಟಿಗೆಯ ಅಂಚು ತಡವಿ, ಗೇಣು ಹಾಕಿ ನೋಡಿದರು. "ಇದು ನಮ್ಮಪ್ಪನ ಅಚ್ಚು. ಆ ಅಚ್ಚಿನ ಒಂದು ಮೂಲೆ ಸವೆದು ಹೋಗಿತ್ತು, ನೋಡು ಇಲ್ಲಿ, ಎಲ್ಲ ಇಟ್ಟಿಗೇಲೂ ಒಂದು ಮೂಲೆ ಗುಂಡಗಿದೆ" ಎಂದರು. ಟೇಪು ಹಿಡಿದಿದ್ದ ಹುಡುಗಿ ಬಗ್ಗಿ ನೋಡಿ, "ಹೌದು ತಾತ, ಇದರಲ್ಲೂ ಇದೆ, ಇದರಲ್ಲೂ ಇದೆ" ಎಂದು ಸಾಲಾಗಿ ಎಣಿಸುತ್ತಾ ಹೋದಳು. ನಕ್ಷೆಯಲ್ಲಿ ಆ ಗೋಡೆಯ ಪಕ್ಕ ಅದನ್ನೂ ಬರೆದಿದ್ದೇವೆ.